ತೊಳೆಯಬಾರದ ಗಿಳಿ

ಮೊದಲು ನೀರು ಹಸಿರಾಯಿತು. ಸೋಪಕ್ಕ ಅದನ್ನು ಕೊಳೆ ಎಂದೇ ತಿಳಿದಳು. ಹೋಟೆಲಿನ ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ಅರ್ಧ ಆಯಸ್ಸು ಕಳೆದವಳಿಗೆ ನೀರಿನ ಬಣ್ಣ ಬದಲಾದರೆ ಹೆದರಿಕೆಯಾಗುವುದಿಲ್ಲ, ಖುಷಿಯಾಗುತ್ತದೆ. ಹಸಿರಿನ ಹಿಂದೆ ಕೆಂಪು ಬಂತು, ಕೆಂಪಿನ ಹಿಂದೆ ಹಳದಿ. ಪಾತ್ರೆಯ ತಳಕ್ಕೆ ಕೈ ಹಾಕಿ ಗಿಳಿಯನ್ನು ಎತ್ತಿದಳು. ಕೊಕ್ಕಿನ ಕೆಂಪು ಇರಲಿಲ್ಲ, ರೆಕ್ಕೆಯ ಹಸಿರು ಇರಲಿಲ್ಲ, ಕಣ್ಣೂ ಇರಲಿಲ್ಲ. ಸುಲಿದ ಮೊಟ್ಟೆಯ ಹಾಗೆ ಬೆಳ್ಳಗೆ ಅವಳ ಅಂಗೈಯಲ್ಲಿ ಕೂತಿತ್ತು.

ಗಿಳಿ ಎಂದರೆ ಬಲ್ಬು. ಹಿಂದೆ ಕ್ರಿಸ್‌ಮಸ್ ಮರಕ್ಕೆ ಸುತ್ತುತ್ತಿದ್ದ ಕರೆಂಟಿನ ದೀಪಮಾಲೆಯಲ್ಲಿ ಒಂದು. ಹಾಲಿನಂಥ ಬಿಳಿ ಗಾಜನ್ನು ಗಿಳಿ, ದ್ರಾಕ್ಷಿ ಗೊಂಚಲು, ಗುಲಾಬಿ, ಟೋಪಿ ಹಾಕಿದ ತಾತ, ಪಿಟೀಲು ಹಿಡಿದ ಬೆಕ್ಕು, ಲಾಂದ್ರ ಎಂದು ಹನ್ನೆರಡು ಆಕಾರಗಳಲ್ಲಿ ಊದಿ, ಮೇಲೆ ಕುಂಚದಿಂದ ಬಣ್ಣ ಬಳಿದ ಮಾಲೆ ಅದು. ಅವಳ ಗಂಡ ಆ ಮಾಲೆಯನ್ನು ಹೆಂಡತಿಗಿಂತ ಹೆಚ್ಚು ಜೋಪಾನ ಮಾಡಿದ್ದ ಎಂದು ನಾದಿನಿ ಆಡಿಕೊಳ್ಳುತ್ತಿದ್ದಳು. ಸೋಪಕ್ಕನೂ ಅದನ್ನು ಅಲ್ಲಗಳೆದವಳಲ್ಲ.

ಗಂಡನ ಕೆಲಸ ಲಿಫ್ಟ್ ರಿಪೇರಿ. ಊರಿನ ಅರ್ಧ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು ಬಂದವನು. ಒಂದು ಹಳೇ ಕಟ್ಟಡದ ಲಿಫ್ಟಿನ ತಳದ ಗುಂಡಿಯಲ್ಲಿ, ಯಾರೋ ಕಸವೆಂದು ಎಸೆದ ರಟ್ಟಿನ ಡಬ್ಬದಲ್ಲಿ ಅವನಿಗೆ ಮೊದಲ ಮಾಲೆ ಸಿಕ್ಕಿತ್ತು. ಆ ಮಾಲೆಗಳ ಗುಣವೇ ಹಾಗೆ, ಒಂದು ಬಲ್ಬು ಸತ್ತರೆ ಎಲ್ಲವೂ ಕತ್ತಲು. ಯಾವುದು ಸತ್ತಿದೆ ಎಂದು ಒಂದೊಂದನ್ನೇ ತೆಗೆದು ಹಾಕಿ ನೋಡಬೇಕು. ಲಿಫ್ಟಿನ ತಂತಿಗಳಲ್ಲಿ ದಿನವಿಡೀ ಇದನ್ನೇ ಮಾಡಿ ಬರುವ ಮನುಷ್ಯ, ಮನೆಗೆ ಬಂದು ಕಾಲು ಚಾಚುವ ಬದಲು ಮತ್ತೆ ಅದನ್ನೇ ಮಾಡತೊಡಗಿದ. ರುಚಿ ಹತ್ತಿತು. ಗುಜರಿ ಅಂಗಡಿ, ಹಳೇ ಮನೆಗಳ ಅಟ್ಟ, ಹರಾಜು ಎಂದು ಅಲೆದು, ಮನೆಯ ಎರಡು ಬೀರುಗಳನ್ನು ಬಲ್ಬುಗಳಿಂದ ತುಂಬಿದ. ಬಲ್ಬುಗಳನ್ನು ಇಡಲು ಮೊಟ್ಟೆಯ ಟ್ರೇಗಳು ತಕ್ಕವು ಎಂದು ಅವನ್ನೂ ತಂದು ಪೇರಿಸಿದ. ಹೊಸದಾಗಿ ಬಂದ ಪಕ್ಕದ ಮನೆಯವಳು ಒಮ್ಮೆ, "ಡಜನ್‌ಗೆ ಹೇಗೆ ಕೊಡ್ತೀರಾ?" ಎಂದು ಕೇಳಿದ್ದುಂಟು. ಅವನಿಗೆ ಬಲ್ಬಪ್ಪ ಎಂಬ ಹೆಸರು ಬಿದ್ದದ್ದು ಆ ದಿನಗಳಲ್ಲಿ.

ಬಲ್ಬುಗಳನ್ನು ಕೂಡಿಡುವುದಕ್ಕಿಂತ ಅವುಗಳ ಹುಟ್ಟು ಹುಡುಕುವ ಹುಚ್ಚು ದೊಡ್ಡದಾಯಿತು. ಈ ಹನ್ನೆರಡರ ಮಾಲೆಯಲ್ಲಿ ಅವನೊಂದು ಗುರುತು ಕಂಡಿದ್ದ. ಪ್ರತಿ ಬಲ್ಬಿನ ಕುತ್ತಿಗೆಯಲ್ಲಿ, ಹಿತ್ತಾಳೆಯ ತಿರುಪಿಗೆ ಸ್ವಲ್ಪ ಮೇಲೆ, ಹೆಬ್ಬೆರಳಿನಷ್ಟು ಜಾಗಕ್ಕೆ ಬಣ್ಣ ಬಿದ್ದಿರಲಿಲ್ಲ. ಹೊರದೇಶದ ಬಲ್ಬುಗಳಲ್ಲಿ ಹಾಗಿಲ್ಲ, ಅವುಗಳಿಗೆ ಕುತ್ತಿಗೆಯವರೆಗೂ ಬಣ್ಣ. ಇವನ್ನು ಯಾರೋ ಕೈಯಲ್ಲಿ ಹಿಡಿದು ಬರೆದಿದ್ದಾರೆ, ಇವು ನಮ್ಮ ಊರಲ್ಲೇ, ಗುಜರಿಯವರು ಹೇಳುತ್ತಿದ್ದ ಗೂಡ್ಸ್ ಶೆಡ್ಡಿನ ಹಿಂದಿನ ಓಣಿಯಲ್ಲಿ ತಯಾರಾದವು ಎಂದು ಬಲ್ಬಪ್ಪ ವಾದ ಹೂಡಿದ. ಹಳೇ ದೀಪ ಕೂಡಿಡುವವರದೊಂದು ಸಂಘವಿತ್ತು. ಅದರ ಅಧ್ಯಕ್ಷರು ಔಷಧಿ ಅಂಗಡಿಯವರು. ಅವರು ಫೋಟೊ ನೋಡಿ ನಕ್ಕರು. "ಅದು ಸವೆದಿರೋದು ಕಣಯ್ಯ. ಬೆರಳ ಗುರುತಾದ್ರೆ ಎಲ್ಲದ್ರಲ್ಲೂ ಒಂದೇ ಕಡೆ ಇರ್ಬೇಕಲ್ವಾ? ಗಿಳೀದು ಮಾತ್ರ ಯಾಕೆ ಬಲಗಡೆಗಿದೆ?" ಎಂದರು. ಸಂಘದವರೆಲ್ಲ ನಕ್ಕದ್ದು ಅವನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ಆಮೇಲೊಂದು ದಿನ ಒಂದು ಕಟ್ಟಡದ ಲಿಫ್ಟು ನಡುವೆ ನಿಂತಿತು. ಒಳಗೊಬ್ಬಳು ಅಜ್ಜಿ. ಬಲ್ಬಪ್ಪ ಮೇಲಿನಿಂದ ಕೆಲಸ ಮಾಡುತ್ತಾ, ಅವಳಿಗೆ ಗಾಬರಿಯಾಗದಿರಲಿ ಎಂದು ಬಾಗಿಲ ಸಂದಿಯಿಂದ ಮಾತಾಡಿಸುತ್ತಿದ್ದ. ಚಿಕ್ಕವಳಿದ್ದಾಗ ಎಲ್ಲಿದ್ದಿರಿ, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದ. ಕತ್ತಲೊಳಗಿಂದ ಧ್ವನಿ ಬಂತು: "ಗೂಡ್ಸ್ ಶೆಡ್ಡಿನ ಹಿಂದೆ, ಕರೆಂಟಿನ ಗಿಳಿಗೆ ಬಣ್ಣ ಬರೀತಿದ್ದೆ." ಬಲ್ಬಪ್ಪನ ಕೈಯಿಂದ ಸ್ಪಾನರ್ ಜಾರಿ ಬಿತ್ತು. ಬಂದು ನಮ್ಮ ಮಾಲೆ ನೋಡಿ ಹೇಳಿ ಎಂದು ಅವನು ಅಂಗಲಾಚಿದ. ಅಜ್ಜಿಯ ಕಣ್ಣು ಮಂಜಾಗುತ್ತಿತ್ತು, ನೆನಪು ಬಂದು ಹೋಗುತ್ತಿತ್ತು. ಸುದ್ದಿ ಕೇಳಿದ ಔಷಧಿ ಅಂಗಡಿಯವರು ಭಾನುವಾರ ಕಾರಿನಲ್ಲಿ ತಾವೇ ಅವಳನ್ನು ಕರೆತರುವುದಾಗಿ ಹೇಳಿದರು. ಅಜ್ಜಿ ಸಾಕ್ಷಿ ನುಡಿಯುವಾಗ ತಾವೂ ಅಲ್ಲಿರಬೇಕೆಂದು ಅವರ ಆಸೆ.

ಆ ಭಾನುವಾರ ನಾಳೆ. ಈ ಶನಿವಾರ ಸೋಪಕ್ಕ ಮನೆಯನ್ನೆಲ್ಲ ತಿಕ್ಕಿ, ಕೊನೆಗೆ ಮಾಲೆಯನ್ನು ನೋಡಿದ್ದಳು. ಧೂಳು, ಹೊಗೆ, ಅಂಟು. ದೊಡ್ಡವರ ಮುಂದೆ ಇದನ್ನು ಹೀಗೆ ಇಡುವುದೇ? ಕೊಳೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಬೇರೆ ಬಲ್ಬುಗಳನ್ನು ಗಂಡ ಒದ್ದೆ ಬಟ್ಟೆಯಿಂದ ಒರೆಸುವುದನ್ನು ಅವಳೇ ಕಂಡಿದ್ದಳು. ಅವುಗಳ ಬಣ್ಣ ಗಾಜಿನ ಒಳಗೆ, ಇವುಗಳದ್ದು ಹೊರಗೆ, ಹೊರಗಿನ ಬಣ್ಣಕ್ಕೆ ನೀರು ತಾಗಬಾರದು. ಅವನು ಹೇಳಿರಲಿಲ್ಲವೆಂದಲ್ಲ. ಬಲ್ಬಿನ ಮಾತು ಶುರುವಾದರೆ ಅವಳು ಹೂಂ ಹೂಂ ಎನ್ನುತ್ತಾ ನಾಳೆಯ ಅಡುಗೆ ಯೋಚಿಸುತ್ತಿದ್ದಳು. ಇಷ್ಟು ವರ್ಷ ಹೂಂಗುಟ್ಟಿದ್ದಕ್ಕೆಲ್ಲ ಈಗ ಒಟ್ಟಿಗೆ ದಂಡ ಬಿದ್ದಿತ್ತು.

ಹನ್ನೊಂದು ಬಲ್ಬುಗಳನ್ನು ಬಿಚ್ಚಿ ಉಗುರುಬೆಚ್ಚಗಿನ ಸೋಪು ನೀರಿಗೆ ಹಾಕಿದ್ದಳು. ಲಾಂದ್ರ ಮಾತ್ರ ತುಕ್ಕು ಹಿಡಿದು ಬಿಗಿದಿತ್ತು. "ಬಿಗಿದಿದ್ದನ್ನ ತಿರುಗಿಸ್ಬೇಡ, ಕುತ್ತಿಗೆ ಮುರಿಯುತ್ತೆ" ಎಂಬ ಗಂಡನ ಮಾತೊಂದು ಅದು ಹೇಗೋ ಅವಳ ತಲೆಯಲ್ಲಿ ಉಳಿದಿತ್ತು. ಹಾಗಾಗಿ ಬಿಟ್ಟಳು. ಈಗ ಮೇಜಿನ ಮೇಲೆ ಹನ್ನೊಂದು ಬಿಳಿ ಬೋಳುಗಳು, ಒಂದು ಬಣ್ಣದ ಲಾಂದ್ರ.

ಮಹಡಿಯ ಮೇಲಿನ ನಾದಿನಿ ಅಷ್ಟರಲ್ಲಿ ಸಕ್ಕರೆ ಕೇಳಲು ಬಂದಳು. ನೋಡಿದ್ದೇ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅತ್ತಿಗೆ! ಅಣ್ಣ ನೋಡಿದ್ರೆ?"

"ಏನ್ಮಾಡ್ಲಿ ಹೇಳು. ಕೈಕಾಲೇ ಆಡ್ತಿಲ್ಲ."

ನಾದಿನಿ ಓಡಿಹೋಗಿ ಕೆಂಪು ನೈಲ್ ಪಾಲಿಶ್ ತಂದಳು. "ತಗೊಳ್ಳಿ. ಕೊಕ್ಕಿಗೆ ಬಳೀರಿ. ಹಸಿರು ನನ್ನ ಮಗಳ ಹತ್ರ ಇದೆ, ತರ್ತೀನಿ. ಆ ಅಜ್ಜಿಗೆ ಕಣ್ಣೇ ಸರಿಯಾಗಿ ಕಾಣಲ್ವಂತಲ್ಲ, ಯಾರಿಗೆ ಗೊತ್ತಾಗುತ್ತೆ?"

ಸೋಪಕ್ಕ ಶೀಶೆಯ ಮುಚ್ಚಳ ತಿರುಗಿಸಿದಳು. ಪುಟ್ಟ ಕುಂಚವನ್ನು ಗಿಳಿಯ ಕೊಕ್ಕಿನವರೆಗೂ ಒಯ್ದಳು. ಇಷ್ಟೇ, ಒಂದು ಗೆರೆ. ಅಜ್ಜಿಗೆ ಗೊತ್ತಾಗಲಿಕ್ಕಿಲ್ಲ, ಆದರೆ ಇವನಿಗೆ? ಹೊಸ ಬಣ್ಣ ಬಳಿದು ಹಳೆಯದೆಂದು ಮಾರುವವರನ್ನು ಕಂಡರೆ ಕೆಂಡ ಕಾರುವವನು. ಅಂಥ ಬಲ್ಬು ಮನೆಗೆ ಬಂದರೆ ಊಟದ ತಟ್ಟೆ ಮುಂದಿದ್ದರೂ ಎದ್ದು ಹೋಗಿ ಕಸಕ್ಕೆ ಹಾಕಿ ಬರುವವನು. ತಪ್ಪು ಮಾಡಿದ್ದಾಯಿತು, ಅದರ ಮೇಲೆ ಮೋಸವೂ ಬೇಕೇ ಎನ್ನಿಸಿತು. ಮುಚ್ಚಳ ಬಿಗಿದಳು.

"ಸಕ್ಕರೆ ಡಬ್ಬಿ ಅಲ್ಲಿದೆ, ತಗೊಂಡು ಹೋಗು. ನಾನೇ ಹೇಳ್ತೀನಿ."

ಬಲ್ಬಪ್ಪ ಸಂಜೆ ಬಂದು ಸಾಮಾನಿನ ಚೀಲವನ್ನು ಬಾಗಿಲ ಬಳಿ ಇಡುವ ಮೊದಲೇ ಅವಳು ಅಂದಳು, "ರೀ, ಮಾಲೆ ತೊಳೆದುಬಿಟ್ಟೆ."

ಅವನಿಗೆ ಅರ್ಥವಾಗಲಿಲ್ಲ. ಮೇಜಿನತ್ತ ನೋಡಿದ ಮೇಲೆ ಆಯಿತು. ಬಂದು ಕೂತ. ಕನ್ನಡಕ ಹಾಕಿಕೊಂಡ. ದ್ರಾಕ್ಷಿಯನ್ನು ಎತ್ತಿ ದೀಪದ ಹತ್ತಿರ ಹಿಡಿದ, ಇಟ್ಟ. ತಾತನನ್ನು ಎತ್ತಿದ, ಇಟ್ಟ. ಗಿಳಿಯನ್ನು ಎತ್ತಿದವನು ಬಹಳ ಹೊತ್ತು ಹಿಡಿದೇ ಇದ್ದ.

"ನೀರೆಲ್ಲಿ?" ಎಂದ.

"ಚೆಲ್ಲಿದೆ."

ಅಷ್ಟೇ. ಅದರ ಮೇಲೆ ಮಾತಿಲ್ಲ. ಅವನು ಹನ್ನೊಂದು ಬಲ್ಬುಗಳನ್ನೂ ಮೆಲ್ಲಗೆ ಒರೆಸಿ, ಒಂದೊಂದಾಗಿ ಮಾಲೆಗೆ ತಿರುಗಿಸಿ ಹಾಕಿದ. ಊಟಕ್ಕೆ ಕರೆದರೆ ತಲೆಯಾಡಿಸಿದ. ಸೋಪಕ್ಕನಿಗೆ ಬೈಗುಳ ಹೊಸದಲ್ಲ, ಲಾಂಡ್ರಿಯ ಮೇಲ್ವಿಚಾರಕನ ಬಾಯಿಯನ್ನು ಇಷ್ಟು ವರ್ಷ ಸಹಿಸಿದವಳು. ಈ ಮೌನ ಮಾತ್ರ ಅವಳಿಂದ ಆಗಲಿಲ್ಲ. ಬೈಯಬಾರದೇ, ಪಾತ್ರೆ ಎತ್ತಿ ಎಸೆಯಬಾರದೇ ಎಂದು ಕಾದಳು. "ಏನಾದ್ರೂ ಅನ್ರೀ" ಎಂದು ಬೇಡಿದಳು ಕೂಡ. ಅವನು ಗೋಡೆಯ ಕಡೆ ಹೊರಳಿ ಮಲಗಿದ. ಮಾತು ಬೆಳ್ಳಿ, ಮೌನ ಬಂಗಾರ ಎಂದವನು ಯಾರೋ, ಅವನಿಗೆ ಮದುವೆ ಆಗಿರಲಿಕ್ಕಿಲ್ಲ.

ಭಾನುವಾರ ಬೆಳಗಾಯಿತು. ಅಜ್ಜಿಗೆ ಹುಷಾರಿಲ್ಲ ಎಂದು ಫೋನು ಬರಲಿ ಎಂದು ಸೋಪಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಹಾಗೆ ಬೇಡಿದ್ದಕ್ಕೆ ನಾಚಿಕೊಂಡಳು. ಫೋನು ಬರಲಿಲ್ಲ, ಕಾರು ಬಂತು. ಔಷಧಿ ಅಂಗಡಿಯವರು ಅಜ್ಜಿಯ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಗುಬ್ಬಚ್ಚಿಯಷ್ಟು ಮೈ, ಆದರೆ ನಾಲಿಗೆ ಚುರುಕು. "ಈ ಮನೇಲಿ ಲಿಫ್ಟ್ ಇಲ್ವಾ? ಒಳ್ಳೇದೇ ಆಯ್ತು" ಎಂದು ನಕ್ಕಳು. ಬಲ್ಬಪ್ಪ ನಗಲಿಲ್ಲ. ಬಟ್ಟೆ ಮುಚ್ಚಿದ ಮಾಲೆಯ ಪಕ್ಕದಲ್ಲಿ ತಪ್ಪು ಮಾಡಿದವನು ತಾನೇ ಎಂಬಂತೆ ನಿಂತಿದ್ದ.

ಅವನು ಬಟ್ಟೆ ತೆಗೆಯಲು ಕೈ ಚಾಚಿದ. ಸೋಪಕ್ಕ ಸುಮ್ಮನಿರಲಾರದೆ ಮುಂದೆ ಬಂದಳು.

"ತೆಗೆಯೋಕೆ ಮುಂಚೆ ಹೇಳ್ಬಿಡ್ತೀನಿ. ಬಣ್ಣ ಎಲ್ಲಾ ಹೋಗಿದೆ. ನಾನೇ ನಿನ್ನೆ ಸೋಪು ಹಾಕಿ ತೊಳೆದೆ. ಇವರದೇನೂ ತಪ್ಪಿಲ್ಲ."

ಔಷಧಿ ಅಂಗಡಿಯವರು ತುಟಿಗೆ ಒಯ್ದ ಚಹಾ ಲೋಟವನ್ನು ಹಾಗೇ ಕೆಳಗಿಟ್ಟರು. "ತೊಳೆದ್ರಾ? ಇನ್ನು ನೋಡೋಕೆ ಏನಿದೆಯಮ್ಮಾ?"

ಬಟ್ಟೆ ತೆಗೆದದ್ದಾಯಿತು. ಅಜ್ಜಿ ಕೈ ಚಾಚಿದಳು. ಬಲ್ಬಪ್ಪ ಗಿಳಿಯನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಅಜ್ಜಿ ಅದನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದಳು, ಬೆರಳಿನಿಂದ ಬೆನ್ನು ಸವರಿದಳು, ಬಾಲ ಸವರಿದಳು.

"ಇದನ್ನ ನಾನು ಬಲ್ಲೆ. ಹೀಗೇ ಬರ್ತಿತ್ತು, ಬರೀ ಬಿಳೀದು. ಹುಲ್ಲು ತುಂಬಿದ ಮರದ ಪೆಟ್ಟಿಗೇಲಿ."

"ಎಲ್ಲಿಂದ ಬರ್ತಿತ್ತು ಅಜ್ಜಿ?" ಎಂದ ಬಲ್ಬಪ್ಪ. "ಅಲ್ಲೇ ನಮ್ಮ ಓಣೀಲಿ ಊದ್ತಿದ್ರಲ್ವಾ?"

"ಇಲ್ಲಪ್ಪ! ಅಲ್ಲಿ ನಮಗೆ ಕಾಲು ಮಡಿಸಿ ಕೂರೋಕೇ ಜಾಗ ಇರ್ಲಿಲ್ಲ, ಗಾಜಿನ ಭಟ್ಟಿ ಎಲ್ಲಿಡ್ತಾರೆ? ಗಾಜು ಹಡಗಲ್ಲಿ ಬರ್ತಿತ್ತು, ಹೊರಗಿಂದು. ಬಣ್ಣ ಮಾತ್ರ ನಮ್ದು."

ಔಷಧಿ ಅಂಗಡಿಯವರು ಗೆದ್ದೆ ಎನ್ನಲಿಲ್ಲ. ಬಲ್ಬಪ್ಪನ ಮುಖ ನೋಡಿ ಚಹಾ ಲೋಟವನ್ನು ದೂರ ಸರಿಸಿದರು. ಸೋಪಕ್ಕನಿಗೆ ಆಗ ಅರ್ಥವಾಯಿತು. ಇಷ್ಟು ವರ್ಷ ಅವನು ನಮ್ಮೂರಿನದು, ನಮ್ಮೂರಿನದು ಎಂದು ಹುಡುಕಿದ್ದೆಲ್ಲ ಆ ತೆಳು ಬಣ್ಣದಲ್ಲಿತ್ತು. ಅದನ್ನೇ ಅವಳು ಆರಿಸಿ ತೆಗೆದಂತೆ ತೆಗೆದು ಬಚ್ಚಲಿಗೆ ಸುರಿದಿದ್ದಳು. ಹಡಗಿನಲ್ಲಿ ಬಂದ ಗಾಜನ್ನು ಫಳಫಳ ಹೊಳೆಯುವಂತೆ ಉಳಿಸಿಕೊಟ್ಟಿದ್ದಳು. ಅಳು ಒತ್ತರಿಸಿ ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಲಾಂದ್ರಕ್ಕೆ ನೀರು ತಾಗಿಲ್ಲ" ಎಂದ ಬಲ್ಬಪ್ಪ ಮೆಲ್ಲಗೆ. ಮಾಲೆಯ ಆ ತುದಿಯನ್ನು ಅಜ್ಜಿಯ ಮುಂದೆ ಎತ್ತಿ ಹಿಡಿದ. ಅಜ್ಜಿ ಅದರ ಕುತ್ತಿಗೆಯ ಬಳಿ ಬಣ್ಣವಿಲ್ಲದ ಜಾಗಕ್ಕೆ ಹೆಬ್ಬೆರಳಿಟ್ಟು ನೋಡಿದಳು. ಬೆರಳು ವಕ್ರವಾಗಿ ಕೂತಿತು.

"ಇದು ನಂದಲ್ಲ. ನನ್ನ ಪಕ್ಕ ಕೂರ್ತಿದ್ದವಳದು. ಪಾಪ, ಮದ್ವೆಯಾಗಿ ಹೋದ್ಮೇಲೆ ನಾನವಳ ಮುಖ ನೋಡ್ಲಿಲ್ಲ. ಅವಳು ಎಲ್ರ ಹಾಗೆ ಎಡಗೈಲಿ ಹಿಡಿದು ಬಲಗೈಲಿ ಬರೀತಿದ್ಲು. ನಾನು ಎಡಚಿ. ಬಲಗೈಲಿ ಹಿಡೀತಿದ್ದೆ. ಗಿಳಿಗಳೆಲ್ಲಾ ನಂಗೇ ಕೊಡ್ತಿದ್ರು, ಕೊಕ್ಕು ಚೆನ್ನಾಗಿ ತಿರುಗಿಸ್ತೀನಿ ಅಂತ."

ಬಲ್ಬಪ್ಪ ತಲೆಯೆತ್ತಿ ಔಷಧಿ ಅಂಗಡಿಯವರನ್ನು ನೋಡಿದ. ಅವರು ಹಣೆ ಉಜ್ಜಿಕೊಂಡರು.

"ಗಿಳೀದು ಬಲಗಡೆ ಇತ್ತು" ಎಂದರು ಅವರು. "ಎಲ್ರ ಮುಂದೆ ನಗಾಡಿದ್ದು ನಾನೇ. ಬೆರಳ ಗುರುತೇ ಅದು, ಒಪ್ಪಿದೆ ಮಾರಾಯ. ಸಂಘದಲ್ಲೂ ಎದ್ದು ನಿಂತು ಹೇಳ್ತೀನಿ. ಆದ್ರೆ ಫೋಟೊ ಬಿಟ್ರೆ ತೋರಿಸೋಕೆ ಈಗ ಗಿಳಿ ಮೇಲೆ ಆ ಗುರುತೇ ಇಲ್ಲ."

ಈ ಮಾತಿಗೆ ಸೋಪಕ್ಕನ ಅಳು ಹೊರಗೇ ಬಂತು. ಅಜ್ಜಿ ಧ್ವನಿ ಬಂದ ಕಡೆ ತಿರುಗಿದಳು.

"ಅಳ್ತಿರೋದ್ಯಾಕೆ ಮಗಳೇ? ತೊಳೆದೆ ಅಂತಾನಾ? ಅಯ್ಯೋ, ನಾವೂ ತೊಳೀತಿದ್ವಿ! ಮೇಸ್ತ್ರಿ ಒಪ್ಪದೇ ಇದ್ರೆ ಸೋಪು ನೀರಿಗೆ ಹಾಕು, ಮತ್ತೆ ಬರಿ, ಅಷ್ಟೇ. ನನ್ನ ಮೊದಲ ವಾರದ ಗಿಳಿಗಳು ಒಂದೂ ತೊಳೀದೆ ಹೋಗಿಲ್ಲ. ಬಣ್ಣ ಕೊಡು, ಬರ್ದು ಕೊಡ್ತೀನಿ."

ಕೋಣೆಯಲ್ಲಿ ಹೊಸ ಬಿಗಿ ಹುಟ್ಟಿತು. ಮತ್ತೆ ಬಣ್ಣ ಬಳಿದ ಬಲ್ಬು ಕಸಕ್ಕೆ ಎಂಬುದು ಬಲ್ಬಪ್ಪನ ಕಟ್ಟಳೆ, ಸಂಘದ್ದೂ ಅದೇ. ಆದರೆ ಮೊದಲು ಬರೆದ ಕೈಯೇ ಮತ್ತೆ ಬರೆದರೆ? ಅದು ಅಸಲಿಯೇ, ನಕಲಿಯೇ? ಅವನು ಔಷಧಿ ಅಂಗಡಿಯವರ ಮುಖ ನೋಡಿದ, ಅವರು ಇವನ ಮುಖ ನೋಡಿದರು. "ಹೀಗಾಗುತ್ತೆ ಅಂತ ನಿಯಮ ಬರೆದವ್ರಿಗೆ ಗೊತ್ತಿರ್ಲಿಲ್ಲ" ಎಂದರು ಅವರು.

ಬಲ್ಬಪ್ಪ ಎದ್ದು ಕಿಟಕಿಯವರೆಗೆ ಹೋದ, ವಾಪಸು ಬಂದ. ಮನೆಯಲ್ಲಿದ್ದ ಬಣ್ಣ ಒಂದೇ, ಕಪಾಟಿನ ಮೇಲೆ ನಾದಿನಿ ಬಿಟ್ಟು ಹೋಗಿದ್ದ ನೈಲ್ ಪಾಲಿಶ್. ಅದು ಅಲ್ಲಿ ಏಕೆ ಬಂತು ಎಂದು ಅವನಿಗೆ ಆಗ ಹೊಳೆದಿರಬೇಕು. ಶೀಶೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಸೋಪಕ್ಕ ತಲೆ ತಗ್ಗಿಸಲಿಲ್ಲ. ಬಳಿಯಲಿಲ್ಲವಲ್ಲ, ಏಕೆ ತಗ್ಗಿಸಬೇಕು? ಅವನು ಶೀಶೆಯನ್ನು ತಂದು ಅಜ್ಜಿಯ ಎಡಗೈಗೆ ಕೊಟ್ಟ.

ಅಜ್ಜಿ ಗಿಳಿಯ ಕುತ್ತಿಗೆಯನ್ನು ಬಲಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಅದರ ಜಾಗಕ್ಕೆ ತಾನಾಗಿ ಊರಿದಳು. ಕುಂಚ ಕೊಕ್ಕಿನ ಹತ್ತಿರ ಬಂದು ನಡುಗಿತು. ಒಮ್ಮೆ ಹಿಂದೆ ತೆಗೆದಳು, ಮತ್ತೆ ತಂದಳು. ಗೆರೆ ಎಳೆದಳು. ಕೆಂಪು ಕೊಕ್ಕನ್ನು ದಾಟಿ ಗಿಳಿಯ ಕೆನ್ನೆಗೂ ಹೋಯಿತು. ಅವಳು ಕಣ್ಣಿನ ಹತ್ತಿರ ಹಿಡಿದು ನೋಡಿ ಮುಖ ಸಿಂಡರಿಸಿದಳು.

"ಥೂ, ಕೆಟ್ಟೋಯ್ತು. ಮೇಸ್ತ್ರಿ ಒಪ್ಪಲ್ಲ ಇದನ್ನ. ಹಸಿ ಇದ್ದಾಗ್ಲೇ ತೊಳ್ಕೊಂಡು ಬಾ ಮಗಳೇ" ಎಂದು ಗಿಳಿಯನ್ನು ಸೋಪಕ್ಕನತ್ತ ಚಾಚಿದಳು.

ಸೋಪಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಇಲ್ಲ ಅಜ್ಜಿ. ನಾನಿದನ್ನ ತೊಳೆಯಲ್ಲ."

"ಸೊಟ್ಟಗಿದೆ ಕಣೇ!"

"ಇರ್ಲಿ. ಯಾರು ಹೇಳಿದ್ರೂ ತೊಳೆಯಲ್ಲ."

ಬಲ್ಬಪ್ಪ ಅಜ್ಜಿಯ ಕೈಯಿಂದ ಗಿಳಿಯನ್ನು ತೆಗೆದುಕೊಂಡ. ಕೆಂಪು ಒಣಗುವವರೆಗೂ ಹಿಡಿದುಕೊಂಡೇ ನಿಂತ, ಆಮೇಲೆ ಮಾಲೆಗೆ ತಿರುಗಿಸಿ ಹಾಕಿದ. ಬೀರುವಿನಿಂದ ಕರಿ ಪೆಟ್ಟಿಗೆ ತಂದ. ಹಳೇ ಬಲ್ಬುಗಳಿಗೆ ಕರೆಂಟನ್ನು ಹನಿಹನಿಯಾಗಿ ಏರಿಸುವ ಪೆಟ್ಟಿಗೆ ಅದು, ಮೇಲೊಂದು ತಿರುಗುವ ಗುಂಡಿ. ಅದನ್ನು ಮುಟ್ಟಲು ಮನೆಯಲ್ಲಿ ಯಾರಿಗೂ ಅಪ್ಪಣೆ ಇರಲಿಲ್ಲ. ಈ ಮಾಲೆಗಂತೂ ಅವನು ಇಂದಿನವರೆಗೆ ಕರೆಂಟನ್ನೇ ಕೊಟ್ಟಿರಲಿಲ್ಲ. ಅವಸರವಾದರೆ ಒಂದು ತಂತಿ ಸುಟ್ಟು ಎಲ್ಲವೂ ಮುಗಿಯುತ್ತದೆ ಎಂದು ಭಯ.

"ಬಾ ಇಲ್ಲಿ" ಎಂದ ಹೆಂಡತಿಗೆ. ನಿನ್ನೆಯಿಂದ ಅವನು ಅವಳಿಗೆ ಆಡಿದ ಮೊದಲ ಮಾತು. "ನೀನೇ ತಿರುಗಿಸು. ನಿಧಾನ."

"ನನ್ನ ಕೈಲಿ ಬೇಡ್ರೀ. ಹೋದ್ರೆ?"

"ಹೋದ್ರೆ ಹೋಗುತ್ತೆ. ತಿರುಗಿಸು."

ಅವಳು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಏನೂ ಇಲ್ಲ. ಇನ್ನಷ್ಟು. ಎಲ್ಲೋ ಒಳಗೆ ಸಣ್ಣ ಗುಯ್ ಸದ್ದು. ಗಂಡನ ಮುಖ ನೋಡಿದಳು, ಅವನು ಮಾಲೆ ಬಿಟ್ಟು ಕಣ್ಣು ಕದಲಿಸಲಿಲ್ಲ. ಇನ್ನೂ ಒಂದು ಎಳೆ ತಿರುಗಿಸಿದಳು. ದ್ರಾಕ್ಷಿಯ ಹೊಟ್ಟೆಯಲ್ಲಿ ಕೆಂಡದಂಥದ್ದೊಂದು ಮಿಸುಕಿತು, ಬೆಕ್ಕಿನಲ್ಲಿ, ತಾತನಲ್ಲಿ, ಎಲ್ಲದರಲ್ಲೂ. ಹತ್ತು ಬಲ್ಬು ಬರೀ ಹಾಲಿನ ಬೆಳಕು ಕೊಟ್ಟವು. ಲಾಂದ್ರ ಹಳದಿಯಾಗಿ ಹತ್ತಿತು, ಗಿಳಿಯ ಸೊಟ್ಟ ಕೊಕ್ಕು ಕೆಂಪಗೆ ಉರಿಯಿತು.

ಅಜ್ಜಿ ಎರಡೂ ಕೈ ಕೆನ್ನೆಗೆ ಒತ್ತಿಕೊಂಡಿದ್ದಳು.

"ಹತ್ತಿಸಿದ್ರೆ ಹೀಗಿರುತ್ತಾ ಇದು?" ಎಂದಳು. "ನಾನು ನೋಡೇ ಇಲ್ಲ. ಶೆಡ್ಡಲ್ಲಿ ಹತ್ತಿಸಿ ತೋರಿಸ್ತಿರ್ಲಿಲ್ಲ, ನಮ್ಮನೇಲಿ ಕರೆಂಟೇ ಇರ್ಲಿಲ್ಲ."

ಔಷಧಿ ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಅಜ್ಜಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆಸಿಕೊಂಡು, ಗಿಳಿಯ ಬೆಳಕಿಗೆ ಮುಖವಿಟ್ಟು ಕೂತಳು.

ಸೋಪಕ್ಕ ಗುಂಡಿಯನ್ನು ಹಿಡಿದೇ ಇದ್ದಳು. "ಆರಿಸ್ಲಾ?" ಎಂದು ಗಂಡನನ್ನು ಪಿಸುಮಾತಿನಲ್ಲಿ ಕೇಳಿದಳು.

"ಬೇಡ" ಎಂದ ಅವನು. "ಅವರು ನೋಡಿ ಮುಗೀಲಿ."